ಬಾಯಿ ಬಿಡದ ಮನೆಯ ಬಿ.ಎ.

ಪಂಚನಹಳ್ಳಿಯ ದೊಡ್ಡಬೀರಪ್ಪನಿಗೆ ಎಷ್ಟು ಕುರಿಗಳಿವೆ ಎಂಬುದನ್ನು ಅವನ ಹೆಂಡತಿ ದ್ಯಾಮಮ್ಮನೂ ಹೊರಗಿನವರ ಮುಂದೆ ಹೇಳುತ್ತಿರಲಿಲ್ಲ. ಕೇಳಿದರೆ "ಏನೋ ಒಂದಷ್ಟವೆ" ಅಷ್ಟೆ. ಎಣಿಸಿ ಹೇಳಿದರೆ ದೃಷ್ಟಿ ತಾಗುತ್ತದೆ ಎನ್ನುವುದು ಒಂದು ಭಯ. ಕೇಳಿದವನು ಅಮಲ್ದಾರರ ಕಡೆಯವನಾಗಿದ್ದರೆ ತೆರಿಗೆ ಹಾಕಿಸುತ್ತಾನೆ ಎನ್ನುವುದು ಇನ್ನೊಂದು. ಕೋಟು ತೊಟ್ಟವನು ಏನೇ ಕೇಳಲಿ, "ಇಲ್ಲ ಸ್ವಾಮಿ, ಗೊತ್ತಿಲ್ಲ ಸ್ವಾಮಿ" ಎನ್ನಬೇಕು. ಅಕ್ಷರ ತಿದ್ದುವುದಕ್ಕೂ ಮೊದಲೇ ಆ ಮನೆಯ ಮಕ್ಕಳಿಗೆ ಈ ಪಾಠ ಆಗುತ್ತಿತ್ತು.

ಅಂಥ ಮನೆಯ ಮಗ ಸಣ್ಣಬೀರಪ್ಪ ಬಿ.ಎ. ಪಾಸು ಮಾಡಿದ. "ಕುರಿ ಕಾಯೋರಿಗೆ ಯಾಕಪ್ಪಾ ಇಂಗ್ಲೀಷು?" ಎಂದು ನೆಂಟರು ಆಡಿಕೊಂಡರೂ ದೊಡ್ಡಬೀರಪ್ಪ ಹಟ ಹಿಡಿದು ಓದಿಸಿದ್ದ. ಆದರೆ ಕಡೂರಿನಲ್ಲಿ ನಡೆದ ಮೊದಲ ಇಂಟರ್‌ವ್ಯೂನಲ್ಲಿ ಕೆಲಸ ಬೇರೆಯವರ ಪಾಲಾಯಿತು.

"ಮೊದಲೇ ಯಾರ ಭಾವಮೈದನಿಗೋ ಕೊಟ್ಟಿರ್ತಾರೆ. ಈ ಕೇಳೋದೆಲ್ಲಾ ನಾಟ್ಕ ಕಣೋ," ಎಂದ ದೊಡ್ಡಬೀರಪ್ಪ.

ಈಗ ಇಂಟರ್‌ವ್ಯೂಗೆ ಕರೆಯುವ ಎರಡನೆಯ ಕಾರ್ಡು ಬಂದಿತ್ತು. ಲಕ್ಕವಳ್ಳಿ ಅಣೆಕಟ್ಟಿನ ಉಗ್ರಾಣದಲ್ಲಿ ಗುಮಾಸ್ತೆ ಕೆಲಸ. ಸೋಮವಾರ ತರೀಕೆರೆಯಲ್ಲಿ ಇಂಟರ್‌ವ್ಯೂ. "ಇದೂ ಹೋದ್ರೆ ಸುಮ್ನೆ ಕೋಲು ಹಿಡಿ. ನೆಂಟರಿಗೆ ನಾನು ಮುಖ ತೋರ್ಸಕ್ಕಾಗಲ್ಲ," ಎಂದು ಅಪ್ಪ ಹೇಳಿಬಿಟ್ಟಿದ್ದ. ಹುಡುಗನಿಗೆ ಅನ್ನ ಸೇರುತ್ತಿರಲಿಲ್ಲ.

ಆ ಬುಧವಾರ ಗ್ರಾಮಸೇವಿಕೆ ಪ್ರೇಮಮ್ಮ ಹೊಗೆಯಿಲ್ಲದ ಒಲೆ ನೋಡಲು ಬಂದರು. ಅವರ ಕೈಯಲ್ಲಿ ಸದಾ ಒಂದು ನೋಟ್‌ಬುಕ್ಕು ಇರುತ್ತಿತ್ತು. ದೊಡ್ಡಬೀರಪ್ಪನಿಗೆ ಅವರ ಮೇಲೆ ಸಿಟ್ಟೇನಿಲ್ಲ. ಆ ನೋಟ್‌ಬುಕ್ಕಿನ ಮೇಲೆ ಮಾತ್ರ ನಂಬಿಕೆಯಿಲ್ಲ. ಒಲೆ ನೋಡಲು ಬಂದವರಿಗೆ ಬರೆಯುವುದೇನಿದೆ? ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿಯೇ ಕುಡಿಯುತ್ತಾನೆ.

ದ್ಯಾಮಮ್ಮ ಮಗನ ಸಂಗತಿ ಹೇಳಿಕೊಂಡು ಕಣ್ಣೊರೆಸಿಕೊಂಡಳು.

"ಕಡೂರಿನಲ್ಲಿ ಏನು ಕೇಳಿದ್ರಪ್ಪಾ?" ಎಂದು ಪ್ರೇಮಮ್ಮ ಹುಡುಗನನ್ನು ಕೇಳಿದರು.

"ತಂದೆ ಏನ್ಮಾಡ್ತಾರೆ ಅಂದ್ರು. ಏನೂ ಇಲ್ಲ ಅಂದೆ. ನಿನಗೆ ಯಾವ ಕೆಲಸದ ಅನುಭವ ಇದೆ ಅಂದ್ರು. ಹೇಳ್ಕೊಳ್ಳೋವಂಥದ್ದು ಏನಿಲ್ಲ ಅಂದೆ. ಆಮೇಲೆ ಕೇಳಿದ್ದಕ್ಕೆಲ್ಲ ಗೊತ್ತಿಲ್ಲ ಅಂದೆ."

"ಸರಿಯಾಗೇ ಹೇಳವ್ನೆ!" ಎಂದ ದೊಡ್ಡಬೀರಪ್ಪ. "ನಮ್ಮ ಮನೆ ವಿಚಾರ ಅವ್ರಿಗ್ಯಾಕೆ?"

ಪ್ರೇಮಮ್ಮ ನಗಲಿಲ್ಲ. "ಯಜಮಾನ್ರೇ, ಇಂಟರ್‌ವ್ಯೂ ಅಂದ್ರೆ ಪೊಲೀಸ್ ವಿಚಾರಣೆ ಅಲ್ಲ ಕಣ್ರೀ. ಈ ಕೆಲಸಕ್ಕೆ ಬರೋ ಮುಂಚೆ ನನ್ನನ್ನೂ ಹಿಂಗೇ ಕೇಳಿದ್ರು."

"ಅದೇನು ಕೇಳಿದ್ರೋ, ನೀವೇನು ಬರೆದ್ಕೊಟ್ರೋ ಯಾರಿಗ್ಗೊತ್ತು ತಾಯಿ," ಎಂದ ಅವನು ನೋಟ್‌ಬುಕ್ಕನ್ನೇ ನೋಡುತ್ತ.

ಪ್ರೇಮಮ್ಮ ನೋಟ್‌ಬುಕ್ಕನ್ನು ದ್ಯಾಮಮ್ಮನ ಕೈಗೆ ಕೊಟ್ಟರು. "ಇದು ಒಳಗಿರ್ಲಿ. ಈಗ ನೀವು ಜಗಲಿ ಮೇಲೆ ಕೂತ್ಕೊಳ್ಳಿ. ನಿಮಗೆ ಕುರಿ ಕಾಯೋಕೆ ಒಬ್ಬ ಆಳು ಬೇಕು. ಈ ಹುಡುಗ ಯಾರೋ ಗುರುತಿಲ್ಲದೋನು, ಕೆಲಸ ಕೇಳ್ಕೊಂಡು ಬಂದವ್ನೆ. ನೀವು ಕೇಳಿ. ನೀನು ಕಡೂರಿನಲ್ಲಿ ಹೇಳ್ದಂಗೇ ಹೇಳಪ್ಪಾ."

ಇದ್ಯಾವ ಹುಡುಗಾಟ ಎಂದುಕೊಂಡೇ ದೊಡ್ಡಬೀರಪ್ಪ ಕೂತ. ಆದರೆ ಆಳನ್ನು ಒರೆಗೆ ಹಚ್ಚುವುದರಲ್ಲಿ ಅವನು ಪಳಗಿದವನು.

"ಮುಂಚೆ ಯಾರ ಮನೇಲಿದ್ದೆಯಪ್ಪಾ?"

"ಹೇಳ್ಕೊಳ್ಳೋವಂಥದ್ದು ಏನಿಲ್ಲ."

"ಮಂದೆ ಎಷ್ಟು ದೊಡ್ಡದಿತ್ತು?"

"ಗೊತ್ತಿಲ್ಲ."

"ಮರಿಗೆ ಹೊಟ್ಟೆಯುಬ್ಬರ ಬಂದ್ರೆ ಏನ್ಮಾಡ್ತೀಯ?"

"ಏನೂ ಇಲ್ಲ ಸ್ವಾಮಿ."

ದೊಡ್ಡಬೀರಪ್ಪನ ಮುಖ ಗಂಟಿಕ್ಕಿತು. ಇವನು ಏನೋ ಮುಚ್ಚಿಡುತ್ತಿದ್ದಾನೆ. ಎಲ್ಲೋ ಕದ್ದು ಓಡಿಬಂದಿರಬೇಕು. "ಏಳೋ ಮೇಲೆ! ಬಾಯಿ ಬಿಡದೋನ ಕೈಗೆ ಮಂದೆ ಕೊಟ್ಟು ನಾನು ಕಂಬಳಿ ಹೊದ್ದು ಮಲಗ್ಲಾ?" ಎಂದು ಗದರಿಬಿಟ್ಟ.

ಗದರಿದ ಮೇಲೆ ತಾನು ಯಾರಿಗೆ ಗದರಿದೆ ಎಂಬುದು ಅವನ ಅರಿವಿಗೆ ಬಂತು.

"ಕಡೂರಿನ ಸಾಹೇಬ್ರಿಗೂ ಹಿಂಗೇ ಅನ್ನಿಸಿರಬೌದು," ಎಂದರು ಪ್ರೇಮಮ್ಮ ಮೆತ್ತಗೆ. "ಭಾವಮೈದ ಇದ್ನೋ ಇಲ್ವೋ, ನಂಗೊತ್ತಿಲ್ಲ. ಇವನನ್ನ ಕೈಬಿಡೋಕೆ ಕಾರಣ ಮಾತ್ರ ಇವನೇ ಕೊಟ್ಟ."

ಆಮೇಲೆ ಅವರು ಹುಡುಗನ ಕಡೆ ತಿರುಗಿದರು. "ಹೋಗೋ ಮುಂಚೆ ಆ ಉಗ್ರಾಣದಲ್ಲಿ ಏನೇನು ಇಡ್ತಾರೆ ಅಂತ ವಿಚಾರಿಸ್ಕೊ. ಸರ್ಟಿಫಿಕೇಟೆಲ್ಲಾ ಒಂದೇ ಕಡೆ ಕಟ್ಟಿಟ್ಕೊ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು, ತಪ್ಪಿಲ್ಲ. ಗೊತ್ತಿರೋದನ್ನ ಯಾಕಪ್ಪಾ ಗೊತ್ತಿಲ್ಲ ಅಂತೀಯ? ಇಲ್ಲದ್ದು ಹೇಳ್ಬೇಡ, ಇರೋದು ಬಚ್ಚಿಡ್ಬೇಡ. ಎಲ್ಲಿ, ಈಗ ನಿಜ ಹೇಳು. ಯಾವತ್ತಾದ್ರೂ ಒಂದು ಜವಾಬ್ದಾರಿ ನಿನ್ನ ತಲೆ ಮೇಲೆ ಬಿದ್ದಿತ್ತಾ?"

ಸಣ್ಣಬೀರಪ್ಪ ಅಪ್ಪನ ಮುಖ ನೋಡಿದ. ಅಪ್ಪ ಬೇಡವೆನ್ನಲಿಲ್ಲ.

"ಹೋದ ಬೇಸಿಗೆ ರಜದಲ್ಲಿ ಚಿಕ್ಕಪ್ಪನ ಜೊತೆ ಲಕ್ಕವಳ್ಳಿ ಕಡೆ ಮಂದೆ ಹೊಡ್ಕೊಂಡು ಹೋಗಿದ್ದೆ. ದಾರೀಲಿ ಚಿಕ್ಕಪ್ಪಂಗೆ ಚಳಿಜ್ವರ ಬಂತು. ಹನ್ನೊಂದು ದಿವ್ಸ ನಾನೊಬ್ನೇ ಕಾಯ್ದೆ. ಯಾವ ಮರಿ ಕುಂಟ್ತದೆ, ಯಾವುದು ಹಾಲು ಕುಡಿಯೋದು ಬಿಟ್ಟದೆ, ದಿನಾ ಬರೆದಿಟ್ಟೆ. ಎರಡು ಮರಿ ಚಿರತೆ ಪಾಲಾಯ್ತು. ಉಳಿದಿದ್ದನ್ನೆಲ್ಲ ಮನೆಗೆ ಮುಟ್ಸಿದೆ."

ದೊಡ್ಡಬೀರಪ್ಪ ಎದ್ದು ನಿಂತ. ತಮ್ಮನೇ ಮಂದೆ ಕಾಯ್ದು ತಂದನೆಂದು ಅವನು ಈವರೆಗೂ ನಂಬಿದ್ದ. "ಹನ್ನೊಂದು ದಿವ್ಸ? ನೀನೊಬ್ನೇ? ಇದನ್ನ ನಂಗ್ಯಾಕೋ ಹೇಳ್ಲಿಲ್ಲ?"

"ಎರಡು ಮರಿ ಹೋಗಿತ್ತಲ್ಲಪ್ಪಾ, ಬೈತೀಯ ಅಂತ. ನೀನೂ ಕೇಳ್ಲಿಲ್ಲ."

ಕೋಟಿನವರಿಂದ ಬಚ್ಚಿಡಲು ದೊಡ್ಡಬೀರಪ್ಪನೇ ಕಲಿಸಿದ್ದ. ಮಗ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ ಹೆತ್ತಪ್ಪನಿಂದಲೂ ಬಚ್ಚಿಟ್ಟಿದ್ದ. ಅಪ್ಪನಿಗೆ ಹೆಮ್ಮೆ, ನಾಚಿಕೆ ಎರಡೂ ಒಟ್ಟಿಗೇ ಬಂದವು.

"ಸೋಮವಾರ ಇದನ್ನೇ ಹೇಳು," ಎಂದ. "ಚಿರತೆ ವಿಚಾರಾನೂ ಸೇರಿಸ್ಕೊಂಡೇ ಹೇಳು. ಸುಳ್ಳು ಬ್ಯಾಡ."

ಉಳಿದ ನಾಲ್ಕು ದಿನವೂ ಸಂಜೆ ಅಪ್ಪ ಜಗಲಿಯ ಮೇಲೆ ಕೂತು ಸಾಹೇಬನಾದ. ಅಷ್ಟು ಸಂಶಯದ ಸಾಹೇಬ ತರೀಕೆರೆಯಲ್ಲಂತೂ ಇರಲಿಲ್ಲ. ಅಲ್ಲಿನವರು ಕೇಳಿದ್ದೆಲ್ಲ ಹುಡುಗನಿಗೆ ಸುಲಭವೇ ಅನ್ನಿಸಿತು. ತಿಂಗಳೊಳಗೆ ಕೆಲಸದ ಆರ್ಡರು ಬಂತು. ದೊಡ್ಡಬೀರಪ್ಪ ಅದರ ಮೊಹರನ್ನು ಎರಡು ಸಲ ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ನಂಬಿದ.

ಓದಿದ ಮಕ್ಕಳಿರುವ ತಂದೆತಾಯಿಗಳೇ, ನಿಮ್ಮ ಮನೆಗೂ ಅಂಥದೊಂದು ಕಾರ್ಡು ಬಂದೀತು. ಕೆಲಸ ಮೊದಲೇ ಯಾರಿಗೋ ಆಗಿದೆ ಎಂದು ಊರವರು ಹೇಳುತ್ತಾರೆ, ಹೇಳಲಿ. ನೀವು ಮಾತ್ರ ಆ ಸಂಜೆಯೇ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು ಕೇಳಿ: ನಿನಗೆ ಏನು ಬರುತ್ತದೆ, ಏನು ಮಾಡಿದ್ದೀಯ, ಎಲ್ಲಿ ಸೋತೆ? ಪೂರ್ತಿ ಹೇಳಿ ಮುಗಿಸುವ ತನಕ ಗದರಬೇಡಿ. ನಿಮ್ಮ ಮಕ್ಕಳು ಏನೆಂಬುದನ್ನು ಸಾಹೇಬರಿಗಿಂತ ಮೊದಲು ನೀವು ತಿಳಿದುಕೊಳ್ಳಿ.