ಅಮಸಿದ್ದಪ್ಪ ಎಲೆ ಉಟ್ಟ ದಿನ

ಮೊಳಕಾಲಿನ ಹಿಂದೆ ಬೆಚ್ಚನೆಯ ಉಸಿರು, ಒದ್ದೆ ಮೂತಿ, ಆಮೇಲೆ ಚಟ್ಟೆಂದು ಒಂದು ಎಲೆ ಹರಿದ ಸದ್ದು — ತಿರುಗಿ ನೋಡಬೇಕಿಲ್ಲ, ನನ್ನ ಕರಿ ಆಡೇ, ಇಡೀ ಬಾದಾಮಿಯಲ್ಲಿ ಇಷ್ಟು ಹೊಟ್ಟೆಬಾಕ ಪ್ರಾಣಿ ಇನ್ನೊಂದಿಲ್ಲ, ತಿನ್ನು ತಾಯಿ, ನಿನಗಾಗಿಯೇ ಹೇಳಿ ತರಿಸಿದ್ದು. ಕೆಂಪು ಬಂಡೆ ಬೆನ್ನು ಸುಡುತ್ತಿದೆ, ಮುಖಕ್ಕೆ ಬಳಿದ ಮಸಿ ಬೆವರಿನೊಡನೆ ಬಾಯಿಗಿಳಿಯುತ್ತಿದೆ, ನನಗೆ ಮಸಿ! ಈ ಶಿರೂರಿನ ಅಮಸಿದ್ದಪ್ಪನ ಬಣ್ಣ ನೋಡಿ ಅಮಾವಾಸ್ಯೆಯೇ ನಾಚಿ ರಜೆ ಹಾಕಿತ್ತು, ಇವರಿಗೆ ಸಾಲಲಿಲ್ಲ. ಇನ್ನೂ ಸ್ವಲ್ಪ ಡಾರ್ಕ್ ಮಾಡೋಣ ಯಜಮಾನ್ರೇ, ಕಾಡುಜನ ಅಂದ್ರೆ ಹಲ್ಲು ಮಾತ್ರ ಕಾಣಬೇಕು — ಧಾರಾವಾಹಿ ತೆಗೆಯಲು ಬಂದ ನಿರ್ದೇಶಕ ಅನಿಲಕುಮಾರನ ಮಾತು, ಒಳ್ಳೆಯ ಹುಡುಗನೇ, ಚಹಾವನ್ನು ಎರಡು ಕೈಯಿಂದ ಕೊಡುತ್ತಾನೆ, ಕುರಿಗಾರನ ಪಾತ್ರ ಎಂದು ಹಿಂಡಿನ ಸಮೇತ ಕರೆತಂದ, ನಾನು ಮಲಪ್ರಭೆಯಿಂದ ಘಟಪ್ರಭೆಯವರೆಗೆ ಡಂಗುರ ಸಾರಿದೆ, ಕೇಳಿದ ಕಲಾದಗಿಯ ದಾಳಿಂಬೆಗಳು ಬಾಯಿ ಬಿಟ್ಟವು, ಬಂದು ನೋಡಿದರೆ ಪಾತ್ರ ಕುರಿ ಕದಿಯುವ ಕಾಡುಮನುಷ್ಯನದು, ಎಲೆ ಉಟ್ಟು ಹೂಹಾ ಎನ್ನಬೇಕು, ಮಾತಿಲ್ಲ. ಮಾತಿಲ್ಲ! ನಾನು ಅರ್ಧ ತಾಸು ಸುಮ್ಮನಿದ್ದೆನೆಂದು ಹೆಂಡತಿ ಬೋರವ್ವ ದವಾಖಾನೆಗೆ ಎತ್ತಿಕೊಂಡು ಓಡಿದ್ದಳು. ನಮ್ಮ ಕುರಿ ನಾವ ಕದೀಬೇಕೇನ್ರಿ ಎಂದೆ, ಎಲ್ಲರೂ ನಕ್ಕರು, ಸುದ್ದಿ ಕೇಳಿದ ಸೊಸೆ ಮಾತ್ರ ನಗಲಿಲ್ಲ. ಸುಧಾರಾಣಿ, ಇಳಕಲ್ಲಿನಲ್ಲಿ ಟೀಚರು, ಬೆಳಿಗ್ಗೆ ಫೋನಿನಲ್ಲಿ — ಮಾವಾರ, ಎಲಿ ಉಟ್ಟು ನಿಲ್ಲಬ್ಯಾಡ್ರಿ, ಹಿಂದಕ ಇಂಥಾದ್ದಽ ಒಂದ್ ಸಿನಿಮಾ ನೋಡಿ ನಮ್ಮ ಕುರುಬರ ಹುಡುಗ್ರಿಗೆ ಕ್ಲಾಸಿನ್ಯಾಗ ಹೂಹಾ ಅಂತ ಕರದ್ರು, ಒಂದ್ ಹುಡುಗಿ ಸಾಲೀನ ಬಿಟ್ಟಳು, ಈಗ ಟಿವ್ಯಾಗ ನೀವಽ ಕುಣದ್ರ ನಾ ಆ ಹುಡುಗ್ರಿಗೆ ಏನ್ ಹೇಳ್ಲಿ. ಹೇಳಿ ಫೋನ್ ಇಡಲಿಲ್ಲ, ಉಸಿರು ಕೇಳುತ್ತಿತ್ತು. ಚಿಂತಿ ಮಾಡಬ್ಯಾಡವ್ವಾ, ನಿಮ್ಮ ಮಾವ ಅದಾನ. ಅಂದದ್ದೇನೋ ಅಂದೆ, ಆದರೆ ಊರೆಲ್ಲ ಸಾರಿ ಬಂದವನು, ಆ ಹುಡುಗನ ಚಹಾ ಕುಡಿದವನು, ಮುಖಕ್ಕೆ ಮುಖ ಕೊಟ್ಟು ಒಲ್ಲೆ ಎನ್ನುವುದು ಹೇಗೆ, ಅದಕ್ಕೇ ಸಹಾಯಕಿ ಅಂಜನಾ ಯಾವ ಎಲೆ ತರಿಸಲಿ ಎಂದಾಗ ಆಲದ್ದ ತರಸವ್ವಾ ಎಂದೆ, ಎಳೀವು. ಹಿಂಡನ್ನು ಮಾತ್ರ ಬೆಳಗಿನಿಂದ ಮೇಯಲು ಬಿಡಲಿಲ್ಲ.

ಆಕ್ಷನ್! — ಕರಿ ಆಡಿನ ಹಿಂದೆ ಇಡೀ ಹಿಂಡು ನುಗ್ಗಿತು, ಲಕ್ಷ ಬಾಯಿ, ಲಕ್ಷವೆಂದರೆ ಕಡಿಮೆಯೇ, ಛತ್ರಿ ಬಿತ್ತು, ಕ್ಯಾಮೆರಾದವನು ಬಂಡೆ ಹತ್ತಿದ, ನನ್ನಂತೆಯೇ ಎಲೆ ಉಟ್ಟಿದ್ದ ಗೆಳೆಯ ಅಮಾತೆಪ್ಪ ಸೊಂಟ ಹಿಡಿದು ಓಡುತ್ತಿದ್ದಾನೆ, ಲೇ ಅಮಸಿದ್ದಾ, ನಿನ್ನ ಆಡು ನನ್ನ ಮಾನ ಮೇಯಾಕತ್ತೈತಿ ಲೇ ಎಂದ, ಓಡಲೇ ಎಂದೆ, ನಿನ್ನ ಮಾನ ಅದರ ಹಲ್ಲಿಗೂ ಸಾಲಂಗಿಲ್ಲ. ಎಲೆಯೆಲ್ಲ ಹೋಗಿ ಒಳಗೆ ಉಟ್ಟಿದ್ದ ಧೋತರದಲ್ಲಿ ನಿಂತಿದ್ದೇನೆ, ರಾಜನಂತೆ, ಗೆದ್ದೆ, ಒಂದು ಮಾತೂ ಆಡದೆ ಗೆದ್ದೆ ಎನ್ನುವಷ್ಟರಲ್ಲಿ — ಸರ್, ಸ್ಪೇರ್ ಇದೆ, ಪ್ಲಾಸ್ಟಿಕ್‌ದು ಎಂದಳು ಅಂಜನಾ, ಕೈಯಲ್ಲಿ ಮಿರಿಮಿರಿ ಹಸಿರು. ಕರಿ ಆಡು ಹೋಗಿ ಮೂಸಿತು, ಸೀನಿತು, ಮುಖ ತಿರುಗಿಸಿತು, ಅಯ್ಯ ಮೋಸಗಾತಿ, ಕೈ ಕೊಟ್ಟೆಯಾ. ಬೇಗ ಯಜಮಾನ್ರೇ, ಬಿಸಿಲು ಹೋಗುತ್ತೆ. ಹೊಟ್ಟೆನೋವು ಎನ್ನಲೇ, ದೇವರು ಮೈಮೇಲೆ ಬಂದನೆನ್ನಲೇ, ಸಾವಿರ ನೆಪ ನಾಲಗೆಯ ತುದಿಯಲ್ಲೇ ಇವೆ, ಆದರೆ ಆ ಫೋನಿನ ಉಸಿರು ಕಿವಿಯಿಂದ ಹೋಗಲೊಲ್ಲದು. ಉಡಂಗಿಲ್ರಿ ಎಂದೆ. ಯಾಕೆ, ಏನಾಯ್ತು? ನಾವೂ ಹಿಂಗಿಲ್ಲ, ಕಾಡಿನವರೂ ಹಿಂಗಿರಲಿಲ್ರಿ. ಇಷ್ಟೇ, ನನ್ನ ಬಾಯಿಂದ ಇಷ್ಟೇ, ಒಂದು ಸುಳ್ಳೂ ಬೆರೆಸದೆ, ಎದೆಯಲ್ಲಿ ಮಜ್ಜಿಗೆ ಕುಡಿದಂಥ ತಂಪು. ಅನಿಲಕುಮಾರ ಅಮಾತೆಪ್ಪನ ಕಡೆ ನೋಡಿದ, ಅಮಾತೆಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ, ಅಂಜನಾಳ ಕೈಯಲ್ಲಿ ಎಲೆಯುಡುಗೆ ತೂಗುತ್ತಿದೆ, ಗಾಳಿಗೆ ಪಟಪಟ ಎನ್ನುತ್ತಿದೆ, ಯಾರೂ ಕೈ ಚಾಚುತ್ತಿಲ್ಲ, ತೂಗುತ್ತಿದೆ, ಪಟಪಟ, ಯಾರೂ —