ಉಳಿದ ಒಂದು ಬನ್ನಿ ಎಲೆ

ಕಾಚಿಗೂಡದ ಶಿವಶರಣಪ್ಪನ ಮನೆಯಲ್ಲಿ ದಸರಾ ದಿನ ಬನ್ನಿ ಕೊಡುವುದಕ್ಕೊಂದು ಪದ್ಧತಿಯಿತ್ತು. ಕಿರಿಯರು ತಮಗಿಂತ ಹಿರಿಯರಾದ ಒಬ್ಬೊಬ್ಬರ ಕೈಗೂ ಒಂದೊಂದು ಎಲೆ ಇಟ್ಟು, "ಬಂಗಾರದಂಗ ಇರೋಣ" ಎಂದು ಕಾಲು ಮುಟ್ಟಬೇಕು. ಗದ್ದಲ ಮುಗಿಯುವಷ್ಟರಲ್ಲಿ ನೆಲದ ತುಂಬ ಎಲೆ. ದೇವರ ಎಲೆ ತುಳಿದಾಟವಾಯಿತೆಂದು ಹೆಂಡತಿ ಶಿವದೇವಿ ಪ್ರತಿ ವರ್ಷ ಕೊರಗುವಳು.

ಈ ಸಲ ಮೊಮ್ಮಗಳು ಪಿಂಕಿ ಮುಂದೆ ಬಂದಳು. ದಿನಾ ಮೆಟ್ರೋ ಹತ್ತಿ ಅಮೀರ್‌ಪೇಟಿನ ಕೋಚಿಂಗಿಗೆ ಹೋಗುವ ಹುಡುಗಿ. "ಅಜ್ಜೀ, ಎಷ್ಟು ಬೇಕೋ ಅಷ್ಟ ಎಲಿ ತಾಟಿನ್ಯಾಗ ಇಡ್ತೀನಿ. ಒಂದೂ ಉಳಿಯಂಗಿಲ್ಲ."

"ಉಳದ್ರ?" ಎಂದ ಅವಳ ಅಪ್ಪ ಕಲ್ಲೇಶ. ಮಗಳು ಮನೆಯ ಅಂಗಡಿಯಲ್ಲಿ ಕೂರಲಿ ಎಂಬುದು ಅವನ ಬಹುದಿನದ ಆಸೆ. "ಉಳದ್ರ ನಾಳಿಂದ ಕ್ಲಾಸು ಬಂದ್. ಮನಿ ಮಂದಿ ಲೆಕ್ಕಾನ ಬರಲಿಲ್ಲಂದ್ರ ಅದೇನು ಓದು?"

"ಆಗ್ಲಿ ಪಪ್ಪಾ. ನಾವು ಇಪ್ಪತ್ತು ಮಂದಿ. ಎಲ್ಲಾರಿಗಿಂತ ಸಣ್ಣದು ಅಮಿತಾ ಅಕ್ಕನ ಕೂಸು, ಹತ್ತೊಂಬತ್ತು ಎಲಿ ಕೊಡಬೇಕು. ಅದಕ್ಕಿಂತ ದೊಡ್ಡವರು ಹದಿನೆಂಟು. ಹಿಂಗ ಇಳಕೋತ ಬಂದ್ರ ಅಜ್ಜಗಿಂತ ಒಂದ ಮೆಟ್ಲ ಕೆಳಗಿದ್ದವರು ಒಂದ ಕೊಡ್ತಾರ. ಈಗ ಹತ್ತೊಂಬತ್ತರಿಂದ ಒಂದರ ತನಕ ಒಂದು ಸಾಲು ಬರಿ. ಅದರ ಕೆಳಗ ಒಂದರಿಂದ ಹತ್ತೊಂಬತ್ತರ ತನಕ ಇನ್ನೊಂದು ಸಾಲು. ಮ್ಯಾಲಿಂದು ಕೆಳಗಿಂದು ಕೂಡಿಸಿದ್ರ ಎಲ್ಲೆಲ್ಲೂ ಇಪ್ಪತ್ತ! ಇಪ್ಪತ್ತು ಹತ್ತೊಂಬತ್ಲೆ, ಅದರ ಅರ್ಧ, ನೂರಾ ತೊಂಬತ್ತು."

ಹುಟ್ಟಿನಿಂದ ಪದ್ಯ ಕೇಳಿ ಬೆಳೆದ ಶಿವಶರಣಪ್ಪನ ಕಿವಿಗೆ ಅದು ಹೋಗುತ್ತ ಒಂದು ಸಾಲು, ಬರುತ್ತ ಒಂದು ಸಾಲು ಹಾಡಿದಂತೆ ಹಿತವಾಯಿತು. ತಲೆದೂಗಿದ. ಅರ್ಧ ತೂಗುವಷ್ಟರಲ್ಲಿ ತಲೆ ನಿಂತಿತು. ಒಂದೂ ಉಳಿಯುವುದಿಲ್ಲವೇ? ಹಾಗಾದರೆ ಕೆಟ್ಟಿತು!

ಅವನೂ ತಮ್ಮ ಅಂಬಣ್ಣನೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಸೋಮವಾರದ ಭಜನೆಯಲ್ಲಿ ಅಣ್ಣ ಪದ್ಯ ಹೇಳುತ್ತಿದ್ದಾಗ ಒಂದು ಸಾಲು ಜಾರಿತು. ಹಿಂದೆ ಕೂತ ತಮ್ಮ ಅದನ್ನು ಎಲ್ಲರಿಗೂ ಕೇಳುವಂತೆ ಎತ್ತಿಕೊಟ್ಟ. ಅಷ್ಟೇ. ಇಬ್ಬರೂ ಮೊದಲೇ ಮಾತು ಕಡಿಮೆಯ ಜನ. ಮಾತು ಬಿಟ್ಟದ್ದು ಇವತ್ತಿಗೂ ಯಾರಿಗೂ ಗೊತ್ತಾಗಿರಲಿಲ್ಲ. ಹೋದ ದಸರೆಯ ಗದ್ದಲದಲ್ಲಿ ಅಂಬಣ್ಣ ಬನ್ನಿ ಕೊಡದೆ ತಪ್ಪಿಸಿಕೊಂಡದ್ದನ್ನೂ ಯಾರು ಕಂಡಿದ್ದರು?

ಪೂಜೆ ಮುಗಿಯಿತು. ಕೂಸಿನ ಮುಷ್ಟಿಯಲ್ಲಿ ಎಲೆ ಹಿಡಿಸಿದರು. ಅದು ಎರಡು ಎಲೆ ಬಾಯಿಗೆ ಹಾಕಿಕೊಂಡಿತು, ಅಮಿತಾ ಬೆರಳು ಹಾಕಿ ತೆಗೆದಳು. ತಾಟು ಖಾಲಿಯಾಗುತ್ತ ಬಂತು. ಅಂಬಣ್ಣ ಅತ್ತಿಗೆಗೆ ಕೊಟ್ಟ, ಅಣ್ಣನ ಮುಂದೆ ಹಾಯುವಾಗ ಫ್ಯಾನಿನ ಕಡೆ ನೋಡುತ್ತ ದಾಟಿದ.

ತಾಟಿನಲ್ಲಿ ಒಂದು ಎಲೆ ಉಳಿಯಿತು.

"ಮುಗೀತು!" ಕಲ್ಲೇಶ ಚಪ್ಪಾಳೆ ಹೊಡೆದ. "ಅಮೀರ್‌ಪೇಟ್ ಖತಂ!"

"ಪಪ್ಪಾ, ಲೆಕ್ಕ ತಪ್ಪಿಲ್ಲ. ಯಾರೋ ಯಾರಿಗೋ ಕೊಟ್ಟಿಲ್ಲ."

"ಹಬ್ಬದ ದಿನ ಯಾರ ಮ್ಯಾಲ ಹಾಕ್ತಿಯವಾ?" ಅಂಬಣ್ಣನ ಹೆಂಡತಿ ಗುರುದೇವಿ ನಕ್ಕಳು. "ನಮ್ಮ ಮನ್ಯಾಗ ಅಂಥಾವರು ಯಾರದಾರ?"

ಎಲ್ಲರೂ ನಕ್ಕರು. ಅಂಬಣ್ಣ ಇನ್ನೂ ಫ್ಯಾನನ್ನೇ ನೋಡುತ್ತಿದ್ದ. ಪಿಂಕಿ ಬೆರಳು ಮಡಚಿ ಮೊದಲಿನಿಂದ ಎಣಿಸತೊಡಗಿದಳು. ಎಣಿಸುತ್ತ ಎಣಿಸುತ್ತ ಕಣ್ಣು ತುಂಬಿ ಬಂತು. "ಸೂತ್ರ ಸರಿನ ಐತಿ..." ಎಂದಳು, ತನಗೇ ಅನುಮಾನ ಬಂದವಳಂತೆ.

ಆ ಅನುಮಾನವನ್ನು ಮಾತ್ರ ಶಿವಶರಣಪ್ಪನಿಗೆ ತಾಳಲಾಗಲಿಲ್ಲ. ಸತ್ಯವಾದ ಮಾತು ಈ ಮನೆಯಲ್ಲಿ ಸುಳ್ಳಾಗುವುದೇ, ಅದೂ ತನ್ನ ಸೆಡವಿಗೆ? ದೇವರ ಜಗುಲಿಯ ಕಡೆ ನೋಡಿದ. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ. ಎದ್ದ, ತಾಟಿನ ಎಲೆ ತೆಗೆದುಕೊಂಡ, ಅಂಬಣ್ಣನ ಮುಂದೆ ಹೋಗಿ ಕೈ ಚಾಚಿದ.

"ಹಿಡಿ."

ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಅಂಬಣ್ಣ ಫ್ಯಾನಿನಿಂದ ಕಣ್ಣಿಳಿಸಿದ. "ಅಣ್ಣಾ, ಉಲ್ಟಾ ಆತಲ್ಲೋ. ಸಣ್ಣಾವ ನಾನು. ನಾ ಕೊಡಬೇಕು."

"ಹಂಗಂದ್ರ ಕೊಡು ಮತ್ತ! ಹುಡುಗಿ ಕ್ಲಾಸು ತಪ್ಪಾಕತ್ತೇತಿ!"

ಅಂಬಣ್ಣ ಎಲೆಯನ್ನು ಅಣ್ಣನ ಅಂಗೈಗಿಟ್ಟು ಬಾಗಿದ. ಬಾಗಿದವನನ್ನು ಅಣ್ಣ ಬೇಗ ಏಳಗೊಡಲಿಲ್ಲ.

"ಅಯ್ಯ, ಇವರಿಬ್ಬರೂ ಮಾತು ಬಿಟ್ಟಿದ್ರೇನ?" ಶಿವದೇವಿ ಬಾಯಿಗೆ ಸೆರಗು ಹಿಡಿದಳು. "ನಾ ಪಾಪ, ಶಾಂತ ಸ್ವಭಾವ ಅಂದ್ಕೊಂಡಿದ್ದೆ!"

ಕಲ್ಲೇಶ ಖಾಲಿ ತಾಟನ್ನು ತಿರುಗಾ ಮುರುಗಾ ಮಾಡಿ ನೋಡಿದ. "ಹೋಗವಾ, ಕ್ಲಾಸಿಗೆ ಹೋಗು," ಎಂದ.

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ರೈಲು ತಡವಾಗಿ, ಕಲಬುರಗಿಯಿಂದ ಅಳಿಯ ವಿಜಯಕುಮಾರ ಚೀಲ ಹೊತ್ತು ನಿಂತಿದ್ದ. "ಬನ್ನಿ ಮುಗೀತೇನ್ರಿ ಮಾಮಾರ?"

ಎಲ್ಲರೂ ಪಿಂಕಿಯ ಮುಖ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಶಿವಶರಣಪ್ಪ, "ಒಬ್ಬಾವ ಹೆಚ್ಚಾದ. ಇದ್ದ ಇಪ್ಪತ್ತೂ ಮಂದಿಗೂ ಅವಗೂ ನಡುವ ಒಂದೊಂದು. ಇಪ್ಪತ್ತು ಎಲಿ ಬೇಕು," ಎಂದು ಚಪ್ಪಲಿ ಹುಡುಕತೊಡಗಿದ. "ನಡಿಯೋ ಅಂಬಣ್ಣ, ಸ್ಟೇಷನ್ ಮುಂದ ಗಾಡಿಯಾಂವ ಇನ್ನೂ ಇರಬೇಕು."

"ಇಪ್ಪತ್ತೊಂದು ತರೋಣ ಅಣ್ಣಾ," ಎಂದ ಅಂಬಣ್ಣ ಮೆಟ್ಟಿಲಿಳಿಯುತ್ತ.

"ಯಾಕ?"

"ಕೂಸು ಒಂದಾದ್ರೂ ತಿಂತೇತಿ."