ತಣ್ಣನೆಯ ಮೋಟಾರಿಗೆ ಭಂಡಾರ

ಬೇಸಿಗೆ ಬಂತೆಂದರೆ ನಾರಾಯಣಪುರದ ಮಡೆಪ್ಪನ ಮನೆಯಲ್ಲಿ ಯಾರ ಮುಖವೂ ನೆಟ್ಟಗಿರುತ್ತಿರಲಿಲ್ಲ. ನಸುಕಿನಲ್ಲಿ ಹಿಂಡಿದ ಹಾಲು ಎತ್ತಿನ ಬಂಡಿ ಹತ್ತಿ, ಕಲ್ಯಾಣ ದಾಟಿ, ರಾಜೇಶ್ವರ ದಾಟಿ ಹುಮನಾಬಾದ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರಿರುತ್ತಿತ್ತು. ಅಲ್ಲಿ ಒಲೆಯ ಮೇಲಿಟ್ಟರೆ ಹಾಲು ಒಡೆದೇ ಹೋಗುತ್ತಿತ್ತು. ಒಡೆದ ಹಾಲನ್ನು ಯಾರು ಕೊಳ್ಳುತ್ತಾರೆ?

ಇದು ನಿಜಾಮರ ಕಾಲದ ಮಾತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಕಲ್ಯಾಣದಲ್ಲಿ ಮನೆಮನೆಗೂ ಎಮ್ಮೆ, ಹಾಲು ಕೇಳುವವರು ಕಡಿಮೆ. ಹುಮನಾಬಾದ ಹಾಗಲ್ಲ. ಅದು ದೊಡ್ಡ ಸಡಕಿನ ಮೇಲಿನ ಊರು. ಬಂದು ಹೋಗುವ ಜನ, ಚಾ ಅಂಗಡಿ, ಖಾನಾವಳಿ. ಹಾಲು ಕೆಡದೆ ಮುಟ್ಟಿದರೆ ಸಾಕು, ಅಲ್ಲಿ ನಿಂತಲ್ಲೇ ಖರ್ಚಾಗುತ್ತಿತ್ತು.

ಮಡೆಪ್ಪನ ಮಗ ಪಂಡರಿ ಸೊಲ್ಲಾಪುರದಲ್ಲಿ ಒಬ್ಬ ಶೇಠನ ಲಾರಿಯ ಮೇಲೆ ದುಡಿದು, ಗಾಡಿ ಓಡಿಸುವುದನ್ನು ಕಲಿತು ಬಂದಿದ್ದ. ಓಡಿಸಲು ಬರುತ್ತಿತ್ತು. ಕೊಳ್ಳಲು ಬರುತ್ತಿರಲಿಲ್ಲ.

“ಅಪ್ಪಾ, ಒಂದು ಹಳೇ ಮೋಟಾರ ತಗೊಳ್ಳಾಮು,” ಅಂದ ಒಂದು ದಿನ. “ದಿನಾ ಹೋಗಿ ಬರಾಮು. ಬಿಸಿಲು ಏರೂದ್ರೊಳಗ ಹಾಲು ಹುಮನಾಬಾದದಾಗ ಇರ್ತದ.”

ಮಡೆಪ್ಪನ ಕಣ್ಣು ಮಿನುಗಿದವು. ಅವನ ಹೆಂಡತಿ ಧೂಳಮ್ಮ ಮಾತ್ರ ಕುಳ್ಳು ತಟ್ಟುವ ಕೈಯನ್ನು ನಿಲ್ಲಿಸಲೇ ಇಲ್ಲ.

“ಮೋಟಾರ ಮಾರಾಂವ ಯಾಕ ಮಾರತಾನ?” ಅಂದಳು.

“ಹಾಂಗಂದ್ರ?”

“ಛಲೋ ಓಡೂ ಮೋಟಾರ ಇದ್ರ ಅಂವಾ ಮಾರತಿದ್ದಿಲ್ಲ. ಓಡದ ಮೋಟಾರ ಇದ್ರ ನಮಗ ಯಾಕ ಬೇಕು?”

“ಇಕೀ ಜೋಡಿ ಮಾತಿಗಿ ನಿಂದ್ರಬ್ಯಾಡೋ ಪಂಡರಿ,” ಅಂದ ಮಡೆಪ್ಪ. “ಲಗ್ನದಾಗ ನನ್ನ ಹಲ್ಲು ನೋಡಿ ಅಕ್ಕಿಕಾಳು ಹಾಕಿಸ್ಕೊಂಡಾಕಿ ಇಕಿ.”

“ಹಲ್ಲು ನೋಡಿದೆ ಖರೆ, ಬುದ್ಧಿ ನೋಡೂದು ಮರತೆ,” ಅಂದಳು ಧೂಳಮ್ಮ.

ಎಲ್ಲರೂ ನಕ್ಕರು. ಧೂಳಮ್ಮನ ಎದೆಯೊಳಗೆ ಮಾತ್ರ ನಗೆ ಇರಲಿಲ್ಲ. ತುಪ್ಪ ಮಾರಿ ಕೂಡಿಟ್ಟ ರೊಕ್ಕ ಮೋಟಾರಿಗೆ ಸಾಲುತ್ತಿರಲಿಲ್ಲ. ಕೊಟ್ಟಿಗೆಯ ಎಮ್ಮೆಗಳಲ್ಲಿ ಅವಳ ತವರಿನಿಂದ ಬಂದ ತಳಿಯ ನಾಲ್ಕು ಹೋಗಬೇಕಿತ್ತು. ನಾಳೆ ಮೋಟಾರು ದಾರಿಯಲ್ಲಿ ಕೈಕೊಟ್ಟರೆ ಆ ನಾಲ್ಕು ಎಮ್ಮೆಯೂ ಇಲ್ಲ, ಉಳಿದವುಗಳ ಹಾಲು ಮಾರುವುದೂ ಇಲ್ಲ, ಮೋಟಾರೂ ಇಲ್ಲ. ಆಮೇಲೆ ಉಣ್ಣುವುದೇನು?

ಹುಮನಾಬಾದದ ದನದ ಬಜಾರಿನಲ್ಲಿ ತುಳಜಾರಾಮನೆಂಬ ದಲಾಲನಿದ್ದ. ಎತ್ತು, ಎಮ್ಮೆಯ ಜೊತೆಗೆ ಈಚೆಗೆ ಹಳೆಯ ಮೋಟಾರುಗಳನ್ನೂ ಮಾರುತ್ತಿದ್ದ. ಮೂವರೂ ಅವನ ಅಂಗಳಕ್ಕೆ ಹೋದರು. ಬೇವಿನ ನೆರಳಲ್ಲಿ ಉದ್ದನೆಯ ಕರಿ ಮೋಟಾರು ನಿಂತಿತ್ತು. ಮೂಗಿಗೆ ಚೆಂಡುಹೂವಿನ ಹಾರ. ಮೈಯಲ್ಲಿ ಮುಖ ಕಾಣುವಂಥ ಹೊಳಪು.

“ಬರ್ರಿ ಮಡೆಪ್ಪ ಕಾಕಾ, ಬರ್ರಿ ಕಾಕು! ಹೈದ್ರಾಬಾದದ ದೊಡ್ಡ ಸಾಹೇಬರ ಗಾಡಿರಿ ಇದು. ಬೇಗಂ ಸಾಹೇಬರು ಶುಕ್ರವಾರಕ್ಕೊಮ್ಮೆ ಕುಂತು ಹವಾ ತಿಂದು ಬರ್ತಿದ್ರು, ಅಷ್ಟೇ. ನಿನ್ನಿಯಿಂದ ಇಲ್ಲೇ ನಿಂತದ. ಈಗ ನೋಡ್ರಿ!”

ಅವನ ಆಳು ಮುಂದಿನ ಹ್ಯಾಂಡಲನ್ನು ಒಂದೇ ಸುತ್ತು ತಿರುಗಿಸಿದ. ಮೋಟಾರು ಗುರ್ ಅಂದು ಎದ್ದಿತು. ಪಂಡರಿ ಬಾಯಿ ತೆರೆದು ನಿಂತ. ಮಡೆಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, ಎತ್ತಿನ ಪಕ್ಕೆ ಚಪ್ಪರಿಸುವಂತೆ ಚಪ್ಪರಿಸಿದ. “ಮೈಕಟ್ಟು ಛಲೋ ಅದ,” ಅಂದ.

ದನ ಕಾಯುವ ಈ ಜನರಲ್ಲಿ ಒಂದು ಪದ್ಧತಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸಿ, ಮೈಲಾರ ಮಲ್ಲಣ್ಣನ ಭಂಡಾರ, ಅಂದರೆ ದೇವರ ಅರಿಶಿನ, ದನದ ಹಣೆಗೆ ಹಚ್ಚಿದರೆ ವ್ಯವಹಾರ ಮುಗಿಯಿತು. ಆಮೇಲೆ ಕುಂಟು ಕಾಣಲಿ, ಕುರುಡು ಕಾಣಲಿ, ಮಾತು ತಿರುಗಿಸುವಂತಿಲ್ಲ. ಅದಕ್ಕೇ ಹಾಲಿನ ಎಮ್ಮೆ ಕೊಳ್ಳುವಾಗ ಮಾರುವವನ ಮನೆಯಲ್ಲೇ ವಸ್ತಿ ಇದ್ದು, ಸಂಜೆ ಒಂದು, ಮುಂಜಾನೆ ಒಂದು, ಹೀಗೆ ಎರಡು ಹಿಂಡು ತಮ್ಮ ಕೈಯಾರೆ ಹಿಂಡಿ ನೋಡುತ್ತಾರೆ. ಹಿಂದಿನ ದಿನ ಹಿಂಡದೆ ಬಿಟ್ಟು ಕೆಚ್ಚಲು ಉಬ್ಬಿಸಿ ತರುವ ದಲಾಲರೇನು ಕಡಿಮೆಯೇ? ಹುಟ್ಟಿದಾಗಿನಿಂದ ಇದನ್ನು ಬಲ್ಲ ಮಡೆಪ್ಪ, ಹೊಳಪು ನೋಡಿ ಹಿಂಡಿನ ಮಾತು ಮರೆತ. ಕೈ ಸೊಂಟದ ಭಂಡಾರದ ಚೀಲಕ್ಕೆ ಹೋಗಿಬಿಟ್ಟಿತು.

ಧೂಳಮ್ಮ ಅಷ್ಟರಲ್ಲಿ ಮೋಟಾರಿನ ಮುಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟಿದ್ದಳು. ಯಾವ ಪ್ರಾಣಿಯ ಹತ್ತಿರ ಹೋದರೂ ಮೊದಲು ಮೈ ಮುಟ್ಟುವುದು ಅವಳ ರೂಢಿ. ಚಟ್ಟನೆ ಕೈ ತೆಗೆದಳು.

“ಯಪ್ಪಾ ತುಳಜಾರಾಮ, ನಿನ್ನಿಯಿಂದ ನಿಂತದ ಅಂದಿ. ಈಗ ಎಬ್ಬಿಸಿ ಎರಡು ಗಳಿಗಿ ಆಗಿಲ್ಲ. ಮೈ ಇಷ್ಟು ಸುಡಾಕತ್ತದಲ್ಲ?”

“ಬಿಸಿಲಿಗಿರಿ ಕಾಕು.”

ಧೂಳಮ್ಮ ತಲೆಯೆತ್ತಿ ಬೇವಿನ ಮರ ನೋಡಿದಳು. ನೆರಳು ನೋಡಿದಳು. ತುಳಜಾರಾಮನ ಮುಖ ನೋಡಿದಳು.

“ಎಮ್ಮಿ ನನ್ನ ತವರಿನವು,” ಅಂದಳು ಗಂಡನಿಗೆ. “ಎರಡು ಹಿಂಡು ನೋಡದ ಭಂಡಾರ ತೆಗದ್ರಿ ಅಂದ್ರ ನಾ ಎಮ್ಮಿ ಹಗ್ಗ ಬಿಡಂಗಿಲ್ಲ.”

“ಮೋಟಾರ ಹಾಲು ಕೊಡತದೇನು ಕಾಕು?” ಎಂದು ತುಳಜಾರಾಮ ನಕ್ಕ. “ನಾಳಿ ಊಟ ಮಾಡಿ ಆರಾಮಾಗಿ ಬರ್ರಿ. ಆದ್ರ ನಾಡಿದ್ದಿಗಿ ಬ್ಯಾರೆ ಗಿರಾಕಿ ಬರಾಂವ ಇದ್ದಾನ, ನೋಡ್ರಿ ಮತ್ತ.”

ಗಿರಾಕಿಯ ಮಾತು ಕೇಳಿ ಮಡೆಪ್ಪನಿಗೆ ಜೀವ ಚುಟುಚುಟು ಅಂದಿತು. ಧೂಳಮ್ಮನಿಗೆ ಸಂಶಯ ಇನ್ನೊಂದು ಗೇಣು ಬೆಳೆಯಿತು. ಇಷ್ಟು ಅವಸರ ಯಾಕೆ?

ಸಂಜೆ ಅವರು ವಜೀರಬಿಯ ಚಾ ಅಂಗಡಿಗೆ ಬಂದರು. ಧೂಳಮ್ಮನ ಹಾಲು ಬಹಳ ವರ್ಷದಿಂದ ಅಲ್ಲಿಗೇ ಬರುತ್ತಿತ್ತು. ವಜೀರಬಿಯ ಗಂಡ ಬೀದರಿನ ದಾರಿಯಲ್ಲಿ ಜನರನ್ನು ಕರೆದೊಯ್ಯುವ ಮೋಟಾರು ಇಟ್ಟಿದ್ದವನು. ಅವನು ತೀರಿಕೊಂಡ ಮೇಲೆ ಅವಳು ಈ ಅಂಗಡಿ ಹಾಕಿದ್ದಳು.

“ಅಕ್ಕಾ, ನಿನ್ನ ಕೈ ಖರೇನೇ ಹೇಳ್ಯದ,” ಅಂದಳು ವಜೀರಬಿ. “ಬಿಸಿ ಮೋಟಾರ ಎಲ್ಲಾನೂ ಓಡತಾವ. ಮೋಟಾರಿನ ರೋಗ ಕಾಣೂದು ಅದು ತಣ್ಣಗಿದ್ದಾಗ. ನೀವು ಬರೂದ್ರೊಳಗ ಅಂವಾ ಕಾಸಿ ಇಟ್ಟಾನ.”

“ಮತ್ತೇನು ನೋಡಬೇಕು ಖಾಲಾ?” ಪಂಡರಿ ಕೇಳಿದ.

“ನೀ ದಿನಾ ಏನು ಒಯ್ತೀದಿ? ಹಾಲಿನ ಕೊಡ. ಹಂಗಾದ್ರ ಕೊಡ ತುಂಬಿ, ಜನಾನ ಕುಂದ್ರಿಸಿ, ನೀ ದಿನಾ ಹೋಗೂ ದಾರ್ಯಾಗೇ ಓಡಿಸಿ ನೋಡು. ಬಜಾರದಾಗ ಒಂದು ಸುತ್ತು ಹೊಡದು ಖುಷಿ ಪಡಬ್ಯಾಡ. ಹೋಗೂ ಮುಂದ ಪೆಟ್ರೋಲಿನ ಟಾಕಿಗಿ ಒಂದು ಕೋಲು ಅದ್ದಿ ಗುರುತು ಹಾಕು, ಬಂದ ಮ್ಯಾಲ ಮತ್ತ ಅದ್ದು. ಎಷ್ಟು ಕುಡೀತು ಅನ್ನೂದು ಕೋಲು ಹೇಳತದ. ನಮ್ಮ ಮನ್ಯಾಂವರು ಮೊದಲು ತಂದ ಗಾಡಿ ಅರಮನಿ ಇದ್ದಂಗ ಇತ್ತು. ದಿನದ ಗಳಿಕಿ ಎಲ್ಲಾ ಅದರ ಹೊಟ್ಟಿಗೇ ಹೋತು. ಒಂದು ಸಾಮಾನು ಮುರದ್ರ ಬೊಂಬಾಯಿಂದ ಬರೂ ತನಕ ನಾವು ಬಾಗಲಾ ಕಾಯಕೋತ ಕುಂದ್ರೂದು.”

ಮಡೆಪ್ಪ ಮೀಸೆ ತೀಡಿದ. “ಅಷ್ಟು ಸಂಶಯ ಮಾಡಿದ್ರ ಸಂಸಾರ ನಡೀತದೇನವ್ವ?”

“ಮಾಮಾ, ನಿಮ್ಮ ಮನ್ಯಾಗ ಸಂಶಯ ಮಾಡಾಕಿ ಇದ್ದಾಳ ಅಂತೇ ಸಂಸಾರ ನಡದದ,” ಅಂದಳು ವಜೀರಬಿ. ಧೂಳಮ್ಮ ಚಾದ ಬಟ್ಟಲಿನ ಹಿಂದೆ ಮುಖ ಮರೆಸಿಕೊಂಡಳು.

ಊಟ ಮಾಡಿ ಬರ್ರಿ ಅನ್ನಿಸಿಕೊಂಡವರು ರಾತ್ರಿ ವಜೀರಬಿಯಲ್ಲೇ ಉಳಿದು, ಮರುದಿನ ಸೂರ್ಯ ಮೂಡುವ ಹೊತ್ತಿಗೇ ತುಳಜಾರಾಮನ ಅಂಗಳದಲ್ಲಿ ನಿಂತರು. ಮೂರು ಕಲ್ಲಿನ ಒಲೆ ಹೊತ್ತಿಸಿ ಆಳು ದೊಡ್ಡ ಹಂಡೆಯನ್ನು ಆಗತಾನೆ ಏರಿಸಿದ್ದ. ಪಕ್ಕದಲ್ಲಿ, ಬಿಸಿನೀರು ಹೊಯ್ಯಲೆಂದು, ಮೋಟಾರಿನ ನೀರಿನ ಡಬ್ಬಿಯ ಬಿರಡೆ ಬಿಚ್ಚಿ ಬಿದ್ದಿತ್ತು.

“ಏನಪ್ಪಾ, ಮೋಟಾರಿಗಿ ಬಾಣಂತನ ನಡಸೀದೇನು?” ಕೇಳಿದಳು ಧೂಳಮ್ಮ.

ತುಳಜಾರಾಮ ಧೋತರದ ಚುಂಗು ಸಿಗಿಸಿಕೊಳ್ಳುತ್ತ ಓಡಿ ಬಂದ. “ಮುಂಜಾನಿ ಮನಷ್ಯಾಗೂ ಚಾ ಬೇಕಲ್ರಿ ಕಾಕಾ!”

“ಹೌದು ಅನ್ನು, ಚಾ ಬೇಕು,” ಅಂದ ಮಡೆಪ್ಪ. ಅವನ ಮನಸ್ಸು ಇನ್ನೂ ಆ ಹೊಳಪನ್ನು ಬಿಟ್ಟಿರಲಿಲ್ಲ.

“ಚಾ ಇಲ್ಲದ ಎಬ್ಬಿಸಿ ತೋರಸು,” ಅಂದಳು ಧೂಳಮ್ಮ.

ಆಳು ಹ್ಯಾಂಡಲ್ ತಿರುಗಿಸಿದ. ಪಂಡರಿ ತಿರುಗಿಸಿದ. ಮಡೆಪ್ಪನೂ ರುಮಾಲು ಬಿಚ್ಚಿಟ್ಟು ತಿರುಗಿಸಿದ. ಮೋಟಾರು ಕೆಮ್ಮಿತು, ಸೀನಿತು, ಸುಮ್ಮನಾಯಿತು. ಕೊನೆಗೆ ಎದ್ದಾಗ ಹಿಂದಿನಿಂದ ನೀಲಿ ಹೊಗೆ ಬಂದು ಬೇವಿನ ಮೇಲಿನ ಕಾಗೆಗಳೆಲ್ಲ ಹಾರಿದವು. ಧೂಳಮ್ಮ ನೀರು ತುಂಬಿದ ಕೊಡಗಳನ್ನು ಹಿಂದೆ ಇಡಿಸಿದಳು. ಕೋಲು ಅದ್ದಿ ಗುರುತು ಹಾಕಿದಳು. ತುಳಜಾರಾಮನನ್ನೂ ಕೂರಿಸಿಕೊಂಡು ರಾಜೇಶ್ವರದ ದಾರಿ ಹಿಡಿದರು. ಒಂದು ಏರು ಬಂತು. ಮೋಟಾರು ನರಳಿತು. ಇನ್ನೊಂದು ಏರಿನಲ್ಲಿ ಮೂಗಿನಿಂದ ಹಬೆ ಚಿಮ್ಮಿ ಚೆಂಡುಹೂವಿನ ಹಾರ ಬಾಡಿ ಜೋತುಬಿತ್ತು. ಅಲ್ಲೇ ನಿಂತಿತು.

ಅವಳು ಕೋಲು ಅದ್ದಿದಳು. ಅರ್ಧ ದಾರಿಯೂ ಆಗಿಲ್ಲ, ಗುರುತಿಗಿಂತ ಬೆರಳುಗಟ್ಟಲೆ ಕೆಳಗೆ.

ಪಂಡರಿ ಗಾಡಿಯ ಕೆಳಗೆ ನುಸುಳಿದ. ಲಾರಿಯಲ್ಲಿದ್ದಾಗ ಗೇರಿನ ಪೆಟ್ಟಿಗೆಯ ಎಣ್ಣೆ ಬದಲಿಸಿದ್ದು ಅವನಿಗೆ ನೆನಪಾಗಿತ್ತು. ಬಿರಡೆ ಸಡಿಲಿಸಿ ಒಂದಿಷ್ಟು ಎಣ್ಣೆ ಅಂಗೈಗೆ ಹಿಡಿದು ತಂದ. ಬೆರಳಲ್ಲಿ ತಿಕ್ಕಿದರೆ ತರಿತರಿ. ಎಣ್ಣೆಯೊಳಗೆ ಕಟ್ಟಿಗೆಯ ಹೊಟ್ಟು.

“ಅಪ್ಪಾ, ಹಲ್ಲು ಸವದ ಗೇರು ಸಪ್ಪಳಾ ಮಾಡಬಾರದಂತ ಹೊಟ್ಟು ತುಂಬ್ಯಾರ,” ಅಂದ. ರಾತ್ರಿ ಆ ಮೋಟಾರಿನಲ್ಲಿ ಕೂತು ಕಲ್ಯಾಣದ ಬಜಾರಿನಲ್ಲಿ ಹೋದಂತೆ ಕನಸು ಕಂಡಿದ್ದ ಹುಡುಗ ಅವನು.

ಮಡೆಪ್ಪ ಭಂಡಾರದ ಚೀಲದ ಗಂಟನ್ನು ಇನ್ನಷ್ಟು ಬಿಗಿದ. ತುಳಜಾರಾಮ “ನನಗ ಗೊತ್ತೇ ಇದ್ದಿಲ್ಲರಿ, ಮಲ್ಲಣ್ಣನಾಣಿ” ಅಂದ. “ಮಲ್ಲಣ್ಣಗ ಯಾಕ ನಡುವ ತರ್ತಿ? ಗಾಡಿ ನೂಕು,” ಅಂದಳು ಧೂಳಮ್ಮ.

ವಜೀರಬಿಯೇ ಇನ್ನೊಬ್ಬನ ಹೆಸರು ಹೇಳಿದಳು. ವೈಜಿನಾಥ ಟಪಾಲಿನ ಚೀಲ ಒಯ್ಯುವ ಗುತ್ತಿಗೆಯವನು. ಅವನ ಮೋಟಾರು ಚಿಕ್ಕದು. ಬಣ್ಣ ಮಾಸಿ ಯಾವ ಬಣ್ಣವೆಂದೇ ತಿಳಿಯುತ್ತಿರಲಿಲ್ಲ.

“ಎಡಗಡಿ ಬಾಗಲಾ ತೆರಿಯಂಗಿಲ್ಲ,” ಅಂದ ವೈಜಿನಾಥ. “ಮಳಿ ಬಂದ್ರ ಹಿಂದ ಸೋರತದ. ಭಾಳ ಓಡೇದ, ಸುಳ್ಳು ಹೇಳಂಗಿಲ್ಲ. ಎಣ್ಣಿ ಮಾತ್ರ ಒಂದು ದಿನ ತಪ್ಪಿಸಿಲ್ಲ. ಇದರ ಸಾಮಾನು ಇಲ್ಲೇ ಸಿಗತಾವ. ಇಂಥವು ಈ ದಾರ್ಯಾಗ ಇನ್ನೂ ನಾಕೈದು ಓಡತಾವ.”

ಇಷ್ಟು ಖರೆ ಮಾತಾಡುವವನ ಮೇಲೆ ಧೂಳಮ್ಮನಿಗೆ ಮತ್ತಷ್ಟು ಸಂಶಯ. “ಹಂಗಾದ್ರ ಯಾಕ ಮಾರ್ತೀರಿ?”

“ಕಣ್ಣು ಮಬ್ಬ ಆಗ್ಯಾವವ್ವ.”

ಅವಳು ಎರಡು ಬೆರಳು ಎತ್ತಿ ಹಿಡಿದಳು. “ಇದೇನದ ಹೇಳ್ರಿ?”

ವೈಜಿನಾಥ ಕಣ್ಣು ಕಿರಿದು ಮಾಡಿ ನೋಡಿದ. “ಬೀಸಣಿಕಿ ಏನ್ರೆವ್ವ?”

“ಇಂವಾ ಮಾರೂದೇ ಛಲೋ,” ಅಂದ ಮಡೆಪ್ಪ.

ಪಂಡರಿಯ ಮುಖ ಮಾತ್ರ ಸಣ್ಣದಾಗಿತ್ತು. “ಅವ್ವಾ, ಇದ್ರಾಗ ಕುಂತು ನಾ ಊರಾಗ ಹ್ಯಾಂಗ ಹೋಗ್ಲಿ?”

“ಹೆಣ್ಣ ನೋಡಾಕ ಹೊಂಟೀದಿ ಏನೋ? ಹಾಲು ಹಾಕಾಕ ಹೊಂಟೀದಿ.”

ಎರಡು ಹಿಂಡಿನ ಕರಾರಿಗೆ ವೈಜಿನಾಥ ಒಪ್ಪಿ, ತಾನೂ ಜೊತೆಗೆ ಬಂದು ನಾರಾಯಣಪುರದಲ್ಲಿ ವಸ್ತಿ ಮಾಡಿದ. ಬರುವಾಗ ಕೋಲು ಬೆರಳಷ್ಟೂ ಇಳಿದಿರಲಿಲ್ಲ. ಅದು ಒಂದು ಹಿಂಡು. ಮೋಟಾರು ಎಮ್ಮೆಗಳ ಪಕ್ಕದಲ್ಲೇ ನಿಂತಿತು. ನಸುಕಿನಲ್ಲಿ ಹಾಲು ಹಿಂಡಿ ಎದ್ದ ಧೂಳಮ್ಮ ಅದರ ಮೇಲೆ ಅಂಗೈ ಇಟ್ಟಳು. ಇಬ್ಬನಿ ಬಿದ್ದ ಕಲ್ಲಿನ ಹಾಗೆ ತಣ್ಣಗಿತ್ತು. ಪಂಡರಿ ಹ್ಯಾಂಡಲ್ ಹಾಕಿದ. ಒಮ್ಮೆ ಗೊಣಗಿತು. ಇನ್ನೊಮ್ಮೆಗೆ ಎದ್ದಿತು.

ಈ ಸಲ ಕೊಡಗಳಲ್ಲಿ ನೀರಲ್ಲ, ಹಾಲೇ ಇತ್ತು. ಕಲ್ಯಾಣ ದಾಟಿತು. ಮೊನ್ನೆ ಕರಿ ಮೋಟಾರು ನಿಂತಂಥದೇ ಒಂದು ಏರು ಬಂತು. ಧೂಳಮ್ಮ ಕಣ್ಣು ಮುಚ್ಚಿ ಮಲ್ಲಣ್ಣನ ಹೆಸರು ಹೇಳತೊಡಗಿದಳು. ಕಣ್ಣು ತೆರೆದಾಗ ಏರು ಹಿಂದಾಗಿತ್ತು.

ವಜೀರಬಿ ಹಾಲನ್ನು ಪಾತೇಲಿಗೆ ಸುರಿದು ಒಲೆಯ ಮೇಲಿಟ್ಟಳು. ಎಲ್ಲರೂ ಪಾತೇಲಿಯ ಮೇಲೆ ಬಾಗಿದರು. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು. ಒಡೆಯುವ ಹಾಲು ಆಗಲೇ ಕದಡಿ ನೀರು ಬಿಡುತ್ತದೆ. ಇದು ಬಿಡಲಿಲ್ಲ. ಕೆನೆ ಕಟ್ಟಿತು, ನಿಧಾನಕ್ಕೆ ಮೇಲೆದ್ದಿತು, ಪಾತೇಲಿಯ ಅಂಚು ದಾಟಿ ಒಲೆಗೆ ಉಕ್ಕಿತು.

“ಉಕ್ಕಿತು!” ಅಂದ ಮಡೆಪ್ಪ ಸಣ್ಣ ಹುಡುಗನ ಹಾಗೆ. ಸೊಂಟದ ಚೀಲ ಬಿಚ್ಚಿ ಹೆಂಡತಿಯ ಮುಂದೆ ಹಿಡಿದ. “ನೀನೇ ಹಚ್ಚು ಧೂಳಮ್ಮ. ನೋಡಿದಾಕಿ ನೀನು.”

ಅವಳು ಹೊರಗೆ ಬಂದು ಆ ಮಾಸಿದ ಮೂಗಿಗೆ ಭಂಡಾರ ಹಚ್ಚಿದಳು. ಇದರ ಬೆಲೆ ಕಡಿಮೆಯಾದ್ದರಿಂದ ನಾಲ್ಕು ಎಮ್ಮೆ ಹೋಗಬೇಕಾದಲ್ಲಿ ಎರಡೇ ಹೋದವು. ಉಳಿದೆರಡು ಕೊಟ್ಟಿಗೆಯಲ್ಲೇ ಉಳಿದು, ಅವುಗಳ ಕರುಗಳು ಬೆಳೆದು ಕೊಟ್ಟ ಹಾಲೂ ಮುಂದೆ ಅದೇ ಮೋಟಾರಿನಲ್ಲಿ ಹುಮನಾಬಾದಕ್ಕೆ ಹೋಯಿತು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತಿಗೂ ನೌಕರಿಗೆಂದೋ ವ್ಯಾಪಾರಕ್ಕೆಂದೋ ದಿನಾ ದೂರ ಓಡಾಡಲು ಹಳೆಯ ಗಾಡಿ ಹುಡುಕುವವರು ನಿಮ್ಮಲ್ಲಿದ್ದೀರಿ. ಹೊಳಪು ನೋಡಿ ಮನಸ್ಸು ಕೊಡಬೇಡಿ. ಹೇಳಿದ ಹೊತ್ತಿಗೆ ಹೋಗದೆ ಮುಂಜಾನೆ ಹೋಗಿ, ಗಾಡಿ ತಣ್ಣಗಿದ್ದಾಗ ನಿಮ್ಮ ಕೈಯಿಂದ ಎಬ್ಬಿಸಿ ನೋಡಿ. ನಿಮ್ಮ ಭಾರ ಹೇರಿ, ನಿಮ್ಮ ದಾರಿಯಲ್ಲೇ ಓಡಿಸಿ, ಎಷ್ಟು ಪೆಟ್ರೋಲು ಕುಡಿಯಿತೆಂದು ಅಳೆಯಿರಿ. ಅದರ ಸಾಮಾನು ನಿಮ್ಮ ಊರಲ್ಲಿ ಸಿಗುತ್ತದೆಯೇ ಕೇಳಿ. ಯಾಕೆ ಮಾರುತ್ತಿದ್ದಾನೆ ಎಂದು ನಾಚಿಕೆಯಿಲ್ಲದೆ ಕೇಳಿ, ಉತ್ತರವನ್ನೂ ಪರೀಕ್ಷಿಸಿ. ನಾಳೆ ಬೇರೆ ಗಿರಾಕಿ ಬರುತ್ತಾನೆ ಅಂದರೆ ಬರಲಿ ಬಿಡಿ. ನಿಮ್ಮ ಮನೆಯಲ್ಲೂ ಒಬ್ಬ ಧೂಳಮ್ಮ ಇರುತ್ತಾಳೆ. ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ. ಅವಳು ಅಂಗೈ ಇಟ್ಟು ನೋಡುವ ತನಕ ಚೀಲದ ಗಂಟು ಬಿಚ್ಚಬೇಡಿ.